ಮನೆಯ ಸರ್ವರ್: ಕೆಟ್ಟಾಗ ಏನು ಉಳಿಯುತ್ತದೆ?

ಮನೆಯಲ್ಲೊಂದು ಸರ್ವರ್ ಇಟ್ಟುಕೊಳ್ಳಬೇಕು ಎಂದುಕೊಂಡವರು ಮೊದಲು ಕೇಳುವುದು ಯಾವ ಯಂತ್ರ ಕೊಳ್ಳಬೇಕು ಎಂದು. ಅದಕ್ಕೆ ಉತ್ತರ ಸುಲಭ: ಬಹುಪಾಲು ಮನೆಗಳಿಗೆ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಸಾಕು. ಕಷ್ಟದ ಪ್ರಶ್ನೆಗಳು ಬೇರೆ ಇವೆ. ಈ ಯಂತ್ರ ನಾಳೆ ಬೆಳಿಗ್ಗೆ ಚಾಲೂ ಆಗದಿದ್ದರೆ ಮಕ್ಕಳ ಫೋಟೋಗಳು ಎಲ್ಲಿರುತ್ತವೆ? ಡಿಸ್ಕ್ ಕೆಟ್ಟರೆ? ಕರೆಂಟ್ ಹೋದರೆ? ಇದನ್ನೆಲ್ಲ ಜೋಡಿಸಿದವರೇ ಊರಲ್ಲಿ ಇಲ್ಲದಿದ್ದರೆ? ಯಾವ ಭಾಗವನ್ನು ಜೋಡಿಸುವಾಗಲೂ ಇದೇ ಬಗೆಯ ಪ್ರಶ್ನೆಯನ್ನು ಕೇಳಿಕೊಂಡರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ತಿಳಿಯುತ್ತಾ ಹೋಗುತ್ತದೆ.

ಸರ್ವರ್ ಎಂದರೆ ವಿಶೇಷ ಜಾತಿಯ ಯಂತ್ರವೇನೂ ಅಲ್ಲ. ಹಗಲಿರುಳು ಚಾಲೂ ಇದ್ದು, ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳು ಕೇಳಿದ್ದನ್ನು ಕೊಡುವ ಯಾವ ಕಂಪ್ಯೂಟರಾದರೂ ಸರ್ವರೇ. ಈ ಹವ್ಯಾಸಕ್ಕೆ ಹಲವರನ್ನು ಎಳೆದದ್ದು 2021ರ ಜೂನ್ 1. ಅಂದಿನಿಂದ ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಚಿತ್ರಗಳನ್ನು ಉಚಿತವಾಗಿ ಇಡುವ ಸೌಲಭ್ಯ ನಿಂತು, ಎಲ್ಲವೂ 15 ಜಿಬಿಯ ಮಿತಿಯೊಳಗೆ ಬಂತು. ತಿಂಗಳ ಬಾಡಿಗೆ ಕಟ್ಟುವ ಬದಲು ಸ್ವಂತ ಜಾಗ ಮಾಡಿಕೊಂಡರೆ ಹೇಗೆ ಎಂದು ಜನ ಯೋಚಿಸತೊಡಗಿದರು. ಆದರೆ ಬರೀ ದುಡ್ಡು ಉಳಿಸಲು ಇದಕ್ಕೆ ಇಳಿಯುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಡಿಸ್ಕ್, ಬ್ಯಾಕಪ್ ಡಿಸ್ಕ್, ಕರೆಂಟ್ ಎಲ್ಲವನ್ನೂ ಕೂಡಿಸಿದರೆ 100 ಜಿಬಿಯ ಬಾಡಿಗೆ ಯೋಜನೆಯೇ ಅಗ್ಗ. ಲೆಕ್ಕ ನಿಮ್ಮ ಕಡೆ ವಾಲುವುದು ಸಂಗ್ರಹ ಒಂದೆರಡು ಟಿಬಿ ದಾಟಿದಾಗ, ಅಥವಾ ಒಂದೇ ಯಂತ್ರದಿಂದ ನಾಲ್ಕಾರು ಕೆಲಸ ತೆಗೆದಾಗ.

ಯಂತ್ರ

ಹಳೆಯ ಲ್ಯಾಪ್‌ಟಾಪ್‌ಗೆ ಒಂದು ದೊಡ್ಡ ಗುಣವಿದೆ, ಅದರ ಬ್ಯಾಟರಿಯೇ ಯುಪಿಎಸ್. ದೊಡ್ಡ ದೋಷವೂ ಅಲ್ಲೇ ಇದೆ: ವರ್ಷಗಟ್ಟಲೆ ಚಾರ್ಜರಿಗೆ ಸಿಕ್ಕಿಸಿಯೇ ಇಟ್ಟ ಬ್ಯಾಟರಿ ಉಬ್ಬಬಹುದು. ಟಚ್‌ಪ್ಯಾಡ್ ಮೇಲೆದ್ದು ಬಂದಂತೆ ಕಂಡರೆ ತಡಮಾಡದೆ ಬ್ಯಾಟರಿ ತೆಗೆಸಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು ಶೇಕಡಾ 60 ಅಥವಾ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿಟ್ಟರೆ ಕ್ಷೇಮ. ಮುಚ್ಚಳ ಮುಚ್ಚಿದರೂ ಯಂತ್ರ ಮಲಗದಂತೆ, ವಿಂಡೋಸ್ ಬದಲು ಸರ್ವರುಗಳಲ್ಲಿ ಹಾಕುವ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ ಒಂದು ಸಾಲು ಬದಲಾಯಿಸಬೇಕಾಗುತ್ತದೆ.

ಲ್ಯಾಪ್‌ಟಾಪ್ ಇಲ್ಲದವರಿಗೆ ಕಚೇರಿಗಳು ಬಳಸಿ ಬಿಟ್ಟ ಪುಟ್ಟ ಕಂಪ್ಯೂಟರುಗಳು ಒಳ್ಳೆಯ ಆಯ್ಕೆ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಈ ಮೂರೂ ದಪ್ಪನೆಯ ಪುಸ್ತಕದಷ್ಟು ಗಾತ್ರದವು. ಕಂಪನಿಗಳು ಯಂತ್ರ ಬದಲಾಯಿಸಿದಾಗ ಇವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯ ಅಂಗಡಿಗಳು ಗೊತ್ತೇ ಇವೆ. ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸತು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು; ವಿಡಿಯೊ ಪರಿವರ್ತಿಸುವ ಪ್ರತ್ಯೇಕ ವಿಭಾಗ ಅದರೊಳಗೇ ಇರುತ್ತದೆ. ಹೊಸದೇ ಬೇಕೆಂದರೆ 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿನ ಮಿನಿ ಪಿಸಿಗಳಿವೆ. ಅಂಗೈಯಗಲದ ಕಂಪ್ಯೂಟರ್ ರಾಸ್‌ಬೆರಿ ಪೈ ಚಿಕ್ಕ ಕೆಲಸಗಳಿಗೆ ಚೆನ್ನ, ಆದರೆ ಎಸ್‌ಡಿ ಕಾರ್ಡಿನ ಮೇಲೆ ದಿನವಿಡೀ ಬರೆಯುತ್ತಿದ್ದರೆ ಕಾರ್ಡು ಬೇಗ ಸವೆಯುತ್ತದೆ, ಮೇಲಾಗಿ ರಾಸ್‌ಬೆರಿ ಪೈ 5ರಲ್ಲಿ ವಿಡಿಯೊ ಎನ್‌ಕೋಡ್ ಮಾಡುವ ಹಾರ್ಡ್‌ವೇರ್ ಇಲ್ಲ.

ಇವಾವುದರ ಗೊಡವೆಯೂ ಬೇಡ ಎನ್ನುವವರಿಗೆ ಸಿನಾಲಜಿಯಂಥ ಕಂಪನಿಗಳ ಸಿದ್ಧ ನ್ಯಾಸ್ ಪೆಟ್ಟಿಗೆಗಳಿವೆ, ಅಂದರೆ ಮನೆಯ ಜಾಲಕ್ಕೆ ಜೋಡಿಸುವ ಡಿಸ್ಕ್ ಪೆಟ್ಟಿಗೆಗಳು. ದುಡ್ಡು ಕೊಟ್ಟು ತಲೆನೋವು ಕಳೆದುಕೊಳ್ಳುವುದೂ ನ್ಯಾಯವೇ.

ಕರೆಂಟಿನ ಲೆಕ್ಕ ಹಾಕಿಯೇ ಯಂತ್ರ ಆರಿಸಿ. ಸುಮ್ಮನಿರುವಾಗ 10 ವ್ಯಾಟ್ ಎಳೆಯುವ ಮಿನಿ ಪಿಸಿ ತಿಂಗಳಿಗೆ ಸುಮಾರು 7 ಯೂನಿಟ್ ತಿನ್ನುತ್ತದೆ. ಎರಡು ದೊಡ್ಡ ಹಾರ್ಡ್ ಡಿಸ್ಕ್ ಸೇರಿ 22 ವ್ಯಾಟ್ ಆದರೆ 16 ಯೂನಿಟ್. ಅಟ್ಟದಿಂದ ಇಳಿಸಿದ ಹಳೆಯ ಡೆಸ್ಕ್‌ಟಾಪ್ 60 ವ್ಯಾಟ್ ಎಳೆದರೆ 43 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಮೊದಲನೆಯದಕ್ಕೆ ತಿಂಗಳಿಗೆ 43 ರೂಪಾಯಿ, ಕೊನೆಯದಕ್ಕೆ 260. ಕರ್ನಾಟಕದಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 170–180ರ ಆಸುಪಾಸಿನಲ್ಲಿರುವ ಮನೆಗೆ ಆ ಹಳೆಯ ಡೆಸ್ಕ್‌ಟಾಪ್ 260 ರೂಪಾಯಿಯ ಹೊರೆಯಲ್ಲ, ಸಾವಿರ ದಾಟುವ ಹೊರೆ. ‘ಪುಕ್ಕಟೆ ಸಿಕ್ಕ’ ಯಂತ್ರ ಪುಕ್ಕಟೆಯಾಗಿ ಉಳಿಯುವುದಿಲ್ಲ.

ಡಿಸ್ಕ್

ಹಣ ಹಾಕಬೇಕಾದ ಜಾಗ ಇದು. 4 ಟಿಬಿ ಎಂದು ಕೊಂಡ ಡಿಸ್ಕ್ ವಿಂಡೋಸ್‌ನಲ್ಲಿ 3.63 ಎಂದು ತೋರಿಸಿದರೆ ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಸಿಟ್ಟಾಗಬೇಕಾದ ವಿಷಯ ಇನ್ನೊಂದಿದೆ. ಹಾರ್ಡ್ ಡಿಸ್ಕ್‌ಗಳಲ್ಲಿ ಸಿಎಂಆರ್ ಮತ್ತು ಎಸ್‌ಎಂಆರ್ ಎಂಬ ಎರಡು ಬಗೆ. ಸಿಎಂಆರ್‌ನಲ್ಲಿ ಬರಹದ ಪಥಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ಒಂದರ ಅಂಚು ಇನ್ನೊಂದರ ಮೇಲೆ ಏರಿರುತ್ತದೆ, ಹಾಗಾಗಿ ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ. ಓದುವಾಗ ತೊಂದರೆಯಿಲ್ಲ. ನಡುವಿನ ಒಂದು ಪಥವನ್ನು ತಿದ್ದಬೇಕಾದರೆ ಮಾತ್ರ ಅದರ ಮೇಲೇರಿದ ಪಕ್ಕದ ಪಥಗಳನ್ನೂ ಮತ್ತೆ ಬರೆಯಬೇಕು. ದೊಡ್ಡ ಪ್ರಮಾಣದಲ್ಲಿ ಬರೆಯುವಾಗ ವೇಗ ಪಾತಾಳಕ್ಕಿಳಿಯುವುದು ಇದರಿಂದ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸರಣಿಯ ಕೆಲವು ಡಿಸ್ಕ್‌ಗಳಲ್ಲಿ, ಅದೂ ನ್ಯಾಸ್‌ಗೆಂದೇ ಮಾರುತ್ತಿದ್ದ ಡಿಸ್ಕ್‌ಗಳಲ್ಲಿ, ಹೇಳದೆ ಎಸ್‌ಎಂಆರ್ ಬಳಸಿದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. ಆಮೇಲೆ ಸಿಎಂಆರ್ ಡಿಸ್ಕ್‌ಗಳನ್ನು ‘ರೆಡ್ ಪ್ಲಸ್’ ಎಂಬ ಹೆಸರಿನಲ್ಲಿ ಬೇರ್ಪಡಿಸಿದರು. ಸೀಗೇಟ್‌ನ ಐರನ್‌ವುಲ್ಫ್ ಸರಣಿಯೂ ಸಿಎಂಆರ್. ಕೊಳ್ಳುವ ಮುನ್ನ ಮಾಡೆಲ್ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ಹುಡುಕಿ ನೋಡಿ, ಪೆಟ್ಟಿಗೆಯ ಮೇಲಿನ ಜಾಹೀರಾತನ್ನು ನಂಬಬೇಡಿ.

ಮಿನಿ ಪಿಸಿಯೊಳಗೆ ದೊಡ್ಡ ಡಿಸ್ಕ್‌ಗೆ ಜಾಗವಿಲ್ಲ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಡಿಸ್ಕ್ ಹಾಕಿಕೊಳ್ಳಬಹುದು, ಮನೆಬಳಕೆಗೆ ಅದು ಸಾಲುತ್ತದೆ. ಎರಡು ಯುಎಸ್‌ಬಿ ಡಿಸ್ಕ್‌ಗಳನ್ನು ಕೂಡಿಸಿ ಒಂದೇ ಡಿಸ್ಕಿನಂತೆ ದುಡಿಸುವ ರೇಡ್ ಮಾಡಲು ಮಾತ್ರ ಹೋಗಬೇಡಿ. ಕೇಬಲ್ ಒಂದು ಕ್ಷಣ ಅಲುಗಿದರೂ ಜೋಡಿ ಮುರಿಯುತ್ತದೆ.

ಈಗ ರೇಡ್. ಎರಡು ಡಿಸ್ಕ್‌ಗಳಲ್ಲಿ ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಬರೆಯುವ ಪದ್ಧತಿಗೆ ರೇಡ್ 1 ಎಂದು ಹೆಸರು. ಒಂದು ಡಿಸ್ಕ್ ಸತ್ತರೆ ಇನ್ನೊಂದರಿಂದ ಕೆಲಸ ನಡೆಯುತ್ತಲೇ ಇರುತ್ತದೆ. ಕೇಳಲು ಬ್ಯಾಕಪ್‌ನಂತೆಯೇ ಇದೆ, ಎಷ್ಟೋ ಜನ ಹಾಗೆಂದೇ ನಂಬಿಕೊಂಡು ಇರುತ್ತಾರೆ. ಆದರೆ ಮನೆಯಲ್ಲಿ ಮಾಹಿತಿ ಹೇಗೆ ಕಳೆಯುತ್ತದೆ ಎಂದು ಸ್ವಲ್ಪ ಯೋಚಿಸಿ. ಜಾಗ ಮಾಡಲೆಂದು ಯಾರೋ ‘ಗೋವಾ 2019’ ಎಂಬ ಫೋಲ್ಡರ್ ಅಳಿಸುತ್ತಾರೆ. ರೇಡ್ ಅದನ್ನು ಎರಡೂ ಡಿಸ್ಕ್‌ಗಳಿಂದ ಅದೇ ಕ್ಷಣದಲ್ಲಿ ಅಳಿಸಿ ಹಾಕುತ್ತದೆ. ಲ್ಯಾಪ್‌ಟಾಪ್‌ಗೆ ಹೊಕ್ಕ, ಫೈಲ್‌ಗಳನ್ನು ಒತ್ತೆಯಿಟ್ಟು ಹಣ ಕೇಳುವ ರ್‍ಯಾನ್ಸಮ್‌ವೇರ್ ಹಂಚಿಕೊಂಡ ಫೋಲ್ಡರನ್ನು ಬೀಗ ಹಾಕಿ ಕೆಡಿಸುತ್ತದೆ. ಕೆಟ್ಟದ್ದೇ ಎರಡು ಪ್ರತಿಯಾಗುತ್ತದೆ. ವೋಲ್ಟೇಜ್ ಏರಿ ಯಂತ್ರ ಸುಟ್ಟರೆ ಒಳಗಿನ ಎರಡೂ ಡಿಸ್ಕ್ ಒಟ್ಟಿಗೆ ಹೋಗಬಹುದು. ಕಳ್ಳನಂತೂ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಾನೆ. ರೇಡ್ ಮಾಡುವುದು ಡಿಸ್ಕ್ ಸತ್ತ ದಿನ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು, ಅಷ್ಟೆ. ಕಚೇರಿಗೆ ಅದು ಬೇಕು. ಮನೆಯಲ್ಲಿ ಎರಡು ದಿನ ಫೋಟೋ ಕಾಣದಿದ್ದರೆ ಪ್ರಪಂಚ ಮುಳುಗುವುದಿಲ್ಲ. ಎರಡೇ ಡಿಸ್ಕ್ ಕೊಳ್ಳುವ ಶಕ್ತಿಯಿದ್ದರೆ ಒಂದನ್ನು ಸರ್ವರಿಗೆ ಹಾಕಿ, ಇನ್ನೊಂದನ್ನು ಬ್ಯಾಕಪ್‌ಗೆ ಬೇರೆಯಾಗಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಳಿಸಿದ್ದನ್ನು ಮರಳಿ ಪಡೆಯಲು ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯವಿದೆ. ಸನ್ ಮೈಕ್ರೊಸಿಸ್ಟಮ್ಸ್‌ನಲ್ಲಿ ಹುಟ್ಟಿದ ಜ಼ಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಇದಕ್ಕೆ ಹೆಸರುವಾಸಿ. ಹಳೆಯ ತುಣುಕುಗಳ ಮೇಲೆ ಅದು ಮತ್ತೆ ಬರೆಯುವುದಿಲ್ಲ, ಹೊಸದನ್ನು ಬೇರೆ ಜಾಗದಲ್ಲಿ ಬರೆದು ಗುರುತನ್ನು ಬದಲಾಯಿಸುತ್ತದೆ. ನಿನ್ನೆಯ ಗುರುತುಗಳನ್ನು ಹಿಡಿದಿಟ್ಟರೆ ನಿನ್ನೆಯ ಸ್ಥಿತಿ ಪೂರ್ತಿ ಸಿಗುತ್ತದೆ. ಪ್ರತಿ ತುಣುಕಿಗೂ ಒಂದು ತಾಳೆ ಸಂಖ್ಯೆ ಇರುವುದರಿಂದ ಡಿಸ್ಕ್ ಸದ್ದಿಲ್ಲದೆ ಕೆಡಿಸಿದ ಫೋಟೋವನ್ನೂ ಅದು ಪತ್ತೆ ಹಚ್ಚುತ್ತದೆ. ನ್ಯಾಸ್‌ಗೆಂದೇ ಮಾಡಿದ ಕಾರ್ಯಾಚರಣೆ ವ್ಯವಸ್ಥೆ ಟ್ರೂನ್ಯಾಸ್ ಈ ಜ಼ಡ್‌ಎಫ್‌ಎಸ್ ಮೇಲೆಯೇ ನಿಂತಿದೆ.

ಡಿಸ್ಕ್ ಸಾಯುವ ಮುನ್ನ ಎಷ್ಟೋ ಸಲ ಸೂಚನೆ ಕೊಡುತ್ತದೆ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಡುವ ‘ಸ್ಮಾರ್ಟ್’ ಎಂಬ ವರದಿಯಲ್ಲಿ 5 ಮತ್ತು 197ನೇ ಸಾಲುಗಳನ್ನು ನೋಡಿ. ಮೊದಲನೆಯದು ಕೆಟ್ಟುಹೋಗಿ ಬದಲಾಯಿಸಿದ ಜಾಗಗಳ ಎಣಿಕೆ, ಎರಡನೆಯದು ಓದಲಾಗದೆ ಬಾಕಿ ಉಳಿದ ಜಾಗಗಳ ಎಣಿಕೆ. ಎರಡೂ ಸೊನ್ನೆಯಿರಬೇಕು. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವವರು ಅಂಗಡಿಯಲ್ಲೇ ಇದನ್ನು ತೋರಿಸಲು ಕೇಳಿ.

ಒಳಗಿನ ವ್ಯವಸ್ಥೆ

ಕಾರ್ಯಾಚರಣೆ ವ್ಯವಸ್ಥೆಯ ಆಯ್ಕೆಯ ಬಗ್ಗೆ ಜನ ಗಂಟೆಗಟ್ಟಲೆ ಜಗಳವಾಡುತ್ತಾರೆ. ಒಂದೆರಡು ಡಿಸ್ಕ್‌ಗಳ ಹಳೆಯ ಯಂತ್ರವಾದರೆ ಡೆಬಿಯನ್ ಎಂಬ ಲಿನಕ್ಸ್, ಅದರ ಮೇಲೆ ಡಿಸ್ಕ್‌ಗಳನ್ನು ಬ್ರೌಸರಿನಿಂದಲೇ ನೋಡಿಕೊಳ್ಳಲು ಓಪನ್‌ಮೀಡಿಯಾವಾಲ್ಟ್. ಹೆಚ್ಚು ಡಿಸ್ಕ್, ಹೆಚ್ಚು ರ್‍ಯಾಮ್ ಇದ್ದರೆ ಟ್ರೂನ್ಯಾಸ್. ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರುಗಳನ್ನು ಸೃಷ್ಟಿಸುವ ಪ್ರಾಕ್ಸ್‌ಮಾಕ್ಸ್ ಅದ್ಭುತವಾದದ್ದೇ, ಆದರೆ ಮೊದಲ ಸರ್ವರಿಗೆ ಅದು ಬೇಡ. ಕೆಟ್ಟಾಗ ಎಲ್ಲಿ ಹುಡುಕಬೇಕು ಎಂಬುದಕ್ಕೆ ಒಂದು ಪದರ ಹೆಚ್ಚಾಗುತ್ತದೆ.

ಅದರ ಮೇಲಿನ ಮಟ್ಟ ಮುಖ್ಯವಾದದ್ದು. ಫೋಟೋ ಇಡುವ, ಸಿನಿಮಾ ತೋರಿಸುವಂಥ ಸೇವೆಗಳನ್ನೆಲ್ಲ ನೇರವಾಗಿ ವ್ಯವಸ್ಥೆಯೊಳಗೆ ಸುರಿದರೆ ಒಂದಕ್ಕೆ ಬೇಕಾದ ತಂತ್ರಾಂಶದ ಆವೃತ್ತಿ ಇನ್ನೊಂದಕ್ಕೆ ಆಗಿಬರುವುದಿಲ್ಲ, ಒಂದನ್ನು ತೆಗೆಯಲು ಹೋದರೆ ಇನ್ನೊಂದು ಕೆಡುತ್ತದೆ. 2013ರಲ್ಲಿ ಬಂದ ಡಾಕರ್ ಈ ರಗಳೆಯನ್ನು ತಪ್ಪಿಸಿತು. ಊಟದ ಕ್ಯಾರಿಯರ್‌ನಲ್ಲಿ ಸಾರು, ಪಲ್ಯ, ಪಾಯಸ ಬೇರೆಬೇರೆ ಡಬ್ಬಿಗಳಲ್ಲಿರುವಂತೆ ಪ್ರತಿಯೊಂದು ಸೇವೆಯೂ ತನಗೆ ಬೇಕಾದ್ದನ್ನೆಲ್ಲ ಒಳಗಿಟ್ಟುಕೊಂಡು ತನ್ನದೇ ಕಂಟೇನರಿನಲ್ಲಿ ಇರುತ್ತದೆ. ಬೇಡವೆಂದರೆ ಆ ಕಂಟೇನರ್ ತೆಗೆದು ಹಾಕಿದರಾಯಿತು.

ಇದನ್ನು ನಡೆಸುವುದು ‘ಕಂಪೋಸ್’ ಎಂಬ ಪುಟ್ಟ ಪಠ್ಯ ಫೈಲ್. ಅದರಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿರುತ್ತವೆ: ಯಾವ ತಂತ್ರಾಂಶವನ್ನು ತರಬೇಕು, ಯಾವ ಪೋರ್ಟ್ ಸಂಖ್ಯೆಯಲ್ಲಿ, ಅಂದರೆ ಯಂತ್ರದ ಯಾವ ಬಾಗಿಲಲ್ಲಿ, ಅದು ಸಿಗಬೇಕು, ಅದು ಬರೆಯುವ ಮಾಹಿತಿ ಡಿಸ್ಕಿನ ಯಾವ ಫೋಲ್ಡರಿಗೆ ಹೋಗಬೇಕು. ಉದಾಹರಣೆಗೆ ಸಿನಿಮಾ ತೋರಿಸುವ ಜೆಲ್ಲಿಫಿನ್‌ಗೆ 8096, ಫೋಟೋ ಇಡುವ ಇಮ್ಮಿಚ್‌ಗೆ 2283. ಮನೆಯ ರೂಟರಿನಲ್ಲಿ ಸರ್ವರಿಗೆ 192.168.1.10 ಎಂಬ ವಿಳಾಸವನ್ನು ಕಾಯಂ ಮಾಡಿಟ್ಟರೆ, ಆ ವಿಳಾಸದ ನಂತರ ಪೋರ್ಟ್ ಸಂಖ್ಯೆ ಹಾಕಿ ಯಾವ ಫೋನಿನಿಂದಲಾದರೂ ಸೇವೆಯನ್ನು ತೆರೆಯಬಹುದು.

ಮೂರನೆಯ ಸಂಗತಿಯೇ ಜೀವಾಳ. ಕಂಟೇನರನ್ನು ಅಳಿಸಿದಾಗ ಅದರೊಳಗೆ ಬರೆದದ್ದೂ ಅಳಿಯುತ್ತದೆ, ಹೊರಗಿನ ಫೋಲ್ಡರಿಗೆ ಜೋಡಿಸಿದ್ದು ಮಾತ್ರ ಉಳಿಯುತ್ತದೆ. ಆದ್ದರಿಂದ ಮೊದಲ ದಿನವೇ ಎರಡು ಫೋಲ್ಡರ್ ಮಾಡಿ. ಒಂದರಲ್ಲಿ ಕಂಪೋಸ್ ಫೈಲ್‌ಗಳು ಮತ್ತು ಸೆಟ್ಟಿಂಗ್‌ಗಳು, ಇನ್ನೊಂದರಲ್ಲಿ ಫೋಟೋ, ದಾಖಲೆ, ಸಿನಿಮಾ. ಹೀಗೆ ಬೇರ್ಪಡಿಸಿದ ಸರ್ವರ್ ಸುಟ್ಟುಹೋದರೆ ಇನ್ನೊಂದು ಯಂತ್ರ ತಂದು, ಡೆಬಿಯನ್ ಹಾಕಿ, ಎರಡು ಫೋಲ್ಡರ್ ನಕಲಿಸಿ, ಒಂದು ಆದೇಶ ಕೊಟ್ಟರೆ ಸಂಜೆಯೊಳಗೆ ಎಲ್ಲವೂ ಎದ್ದು ನಿಲ್ಲುತ್ತದೆ. ಬೇರ್ಪಡಿಸದಿದ್ದರೆ ಯಾವುದು ಎಲ್ಲಿತ್ತು ಎಂದು ನೆನಪಿಸಿಕೊಳ್ಳುವುದರಲ್ಲೇ ವಾರ ಕಳೆಯುತ್ತದೆ.

ಯಾವ ಸೇವೆಗಳು

ಮೊದಲು ಸಾಂಬಾ. ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ಬರೆದ ಈ ತಂತ್ರಾಂಶದಿಂದ ಲಿನಕ್ಸ್ ಯಂತ್ರದ ಫೋಲ್ಡರ್ ವಿಂಡೋಸ್‌ನಲ್ಲಿ ಸಾಮಾನ್ಯ ಡ್ರೈವಿನಂತೆ ಕಾಣುತ್ತದೆ. ಸರ್ವರ್ ಮತ್ತು ರೂಟರ್ ನಡುವೆ ವೈಫೈ ಬೇಡ, ಕೇಬಲ್ ಹಾಕಿ. ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ, ಒಂದು ಟಿಬಿ ನಕಲಿಸಲು ಎರಡೂವರೆ ಗಂಟೆ. ವೇಗ 11ರ ಆಸುಪಾಸಿನಲ್ಲಿ ನಿಂತಿದ್ದರೆ ಕೇಬಲ್ ಬಿಚ್ಚಿ ಕೊನೆಯ ಕನೆಕ್ಟರ್ ನೋಡಿ. ಒಳಗಿನ ಎಂಟು ಎಳೆಗಳಲ್ಲಿ ನಾಲ್ಕನ್ನೇ ಜೋಡಿಸಿ ಹೋಗಿರುವ ಸಂಭವ ಬಹಳ; ಆಗ ಗಿಗಾಬಿಟ್ ಬದಲು ನೂರು ಮೆಗಾಬಿಟ್ಟಿಗೆ ಸಂಪರ್ಕ ಇಳಿಯುತ್ತದೆ, ಆ ಒಂದು ಟಿಬಿಗೆ ಇಡೀ ದಿನ ಬೇಕಾಗುತ್ತದೆ.

ಆಮೇಲೆ ಇಮ್ಮಿಚ್. ಮನೆಯವರು ಸರ್ವರನ್ನು ಒಪ್ಪಿಕೊಳ್ಳುವುದು ಸಾಮಾನ್ಯವಾಗಿ ಇದರ ಮೂಲಕವೇ. ಫೋನಿನಲ್ಲಿ ಆ್ಯಪ್ ಹಾಕಿದರೆ ಫೋಟೋಗಳು ತಾವಾಗಿ ಸರ್ವರಿಗೆ ಹೋಗುತ್ತವೆ. ಮುಖ ಗುರುತಿಸುವುದು, ನಕ್ಷೆಯ ಮೇಲೆ ತೋರಿಸುವುದು, ಹುಡುಕುವುದು ಎಲ್ಲವೂ ನಿಮ್ಮ ಯಂತ್ರದಲ್ಲೇ ನಡೆಯುತ್ತದೆ. ಹಾಕುವಾಗ ಎರಡು ಸಂಗತಿ ಗಮನಿಸಿ. ಹಾಗೇ ಬಿಟ್ಟರೆ ಇಮ್ಮಿಚ್ ಫೋಟೋಗಳನ್ನು ಅರ್ಥವಾಗದ ಉದ್ದುದ್ದ ಹೆಸರಿನ ಫೋಲ್ಡರುಗಳಲ್ಲಿ ಇಡುತ್ತದೆ. ಸೆಟ್ಟಿಂಗ್‌ನಲ್ಲಿ ‘ಸ್ಟೋರೇಜ್ ಟೆಂಪ್ಲೇಟ್’ ಚಾಲೂ ಮಾಡಿದರೆ ವರ್ಷ, ತಾರೀಖಿನ ಪ್ರಕಾರ ಮೂಲ ಹೆಸರಿನೊಂದಿಗೇ ಜೋಡಿಸುತ್ತದೆ. ಇದನ್ನು ಮೊದಲ ಫೋಟೋ ಹಾಕುವ ಮುನ್ನವೇ ಮಾಡಿ, ಕಾರಣ ಮುಂದೆ ಬರುತ್ತದೆ. ಎರಡನೆಯದು, ಆಲ್ಬಮ್‌ಗಳೂ ಮುಖಗಳಿಗೆ ಕೊಟ್ಟ ಹೆಸರುಗಳೂ ಫೋಟೋದೊಳಗಲ್ಲ, ಪ್ರತ್ಯೇಕ ಡೇಟಾಬೇಸಿನಲ್ಲಿರುತ್ತವೆ. ಅದರ ನಕಲನ್ನು ಇಮ್ಮಿಚ್ ದಿನವೂ ತೆಗೆದು ಒಂದು ಫೋಲ್ಡರಿನಲ್ಲಿ ಇಡುತ್ತದೆ, ಬ್ಯಾಕಪ್‌ನಲ್ಲಿ ಆ ಫೋಲ್ಡರೂ ಸೇರಿರಬೇಕು. ಗೂಗಲ್‌ನಿಂದ ಹಳೆಯ ಫೋಟೋ ತರುವವರು ‘ಟೇಕ್‌ಔಟ್’ ಮೂಲಕ ಇಳಿಸಿಕೊಂಡಾಗ ಕೆಲವು ವಿವರಗಳು ಪ್ರತ್ಯೇಕ ಜೇಸನ್ ಫೈಲ್‌ಗಳಲ್ಲಿ ಬರುತ್ತವೆ. ಫೋಟೋಗಳನ್ನಷ್ಟೇ ನಕಲಿಸಿದರೆ ಅಜ್ಜನ ಹಳೆಯ ಸ್ಕ್ಯಾನ್ ಚಿತ್ರಗಳೆಲ್ಲ ಇವತ್ತಿನ ತಾರೀಖಿಗೆ ಬಂದು ಕೂರುತ್ತವೆ. ಎರಡನ್ನೂ ಜೋಡಿಸಿ ಏರಿಸಲು ಇಮ್ಮಿಚ್-ಗೋ ಎಂಬ ಸಾಧನವಿದೆ.

ಕನ್ನಡದ ಮನೆಗೆ ವಿಶೇಷವಾಗಿ ಒದಗುವುದು ಪೇಪರ್‌ಲೆಸ್-ಎನ್‌ಜಿಎಕ್ಸ್. ಪಹಣಿ, ಕ್ರಯಪತ್ರ, ತೆರಿಗೆ ರಸೀದಿ, ವಿಮೆ ಪತ್ರಗಳನ್ನು ಸ್ಕ್ಯಾನ್ ಮಾಡಿ ಒಂದು ಫೋಲ್ಡರಿಗೆ ಹಾಕಿದರೆ ಅದು ಅಕ್ಷರಗಳನ್ನು ಓದಿ ಹುಡುಕುವಂತೆ ಮಾಡುತ್ತದೆ. ಓದುವ ಎಂಜಿನ್ ಟೆಸರಾಕ್ಟ್, ಅದಕ್ಕೆ ಕನ್ನಡ ಬರುತ್ತದೆ. ಆದರೆ ಪೇಪರ್‌ಲೆಸ್ ಜೊತೆಗೆ ಕನ್ನಡ ತಾನಾಗಿ ಬರುವುದಿಲ್ಲ; ಸೆಟ್ಟಿಂಗ್‌ನಲ್ಲಿ ಹೆಚ್ಚುವರಿ ಭಾಷೆಯ ಜಾಗದಲ್ಲಿ ‘ಕೆ ಎ ಎನ್’ ಎಂಬ ಮೂರಕ್ಷರದ ಸಂಕೇತ ಸೇರಿಸಿ, ಓದುವ ಭಾಷೆಯನ್ನು ಕನ್ನಡ ಮತ್ತು ಇಂಗ್ಲಿಷ್ ಎರಡೂ ಎಂದು ನಮೂದಿಸಬೇಕು. ಮುದ್ರಿತ ಕನ್ನಡವನ್ನು ಹುಡುಕಾಟಕ್ಕೆ ಸಾಕಾಗುವಷ್ಟು ಓದುತ್ತದೆ. ಹಳೆಯ ಕ್ರಯಪತ್ರಗಳ ಮೋಡಿ ಕೈಬರಹದ ಮುಂದೆ ಕೈಚೆಲ್ಲುತ್ತದೆ, ಅದನ್ನು ಓದಲು ನಮಗೇ ಕಷ್ಟ.

ಜೆಲ್ಲಿಫಿನ್ ನಿಮ್ಮ ಬಳಿ ಇರುವ ಸಿನಿಮಾ, ಹಾಡು, ಮದುವೆ ವಿಡಿಯೊಗಳನ್ನು ಟಿವಿಯಲ್ಲಿ ತೋರಿಸುತ್ತದೆ. ಜಾಹೀರಾತು ತಡೆಯುವ ಪೈ-ಹೋಲ್ ಜನಪ್ರಿಯ, ಆದರೆ ನನ್ನ ಮಟ್ಟಿಗೆ ಅದು ಕೊನೆಗೆ ಹಾಕಬೇಕಾದದ್ದು. ಜಾಲತಾಣಗಳ ವಿಳಾಸ ಹುಡುಕುವ ಕೆಲಸವನ್ನು ಅದಕ್ಕೆ ಒಪ್ಪಿಸಿದ ಮೇಲೆ ಸರ್ವರ್ ಬಿದ್ದರೆ ಇಡೀ ಮನೆಯ ಇಂಟರ್ನೆಟ್ ಬಿದ್ದಂತೆಯೇ. ಫೋಟೋ ಕಾಣದಿದ್ದರೆ ಸುಮ್ಮನಿರುವವರು ಧಾರಾವಾಹಿ ನಿಂತರೆ ಸುಮ್ಮನಿರುವುದಿಲ್ಲ. ಯೂಟ್ಯೂಬ್ ಜಾಹೀರಾತುಗಳೂ ಅದರಿಂದ ನಿಲ್ಲುವುದಿಲ್ಲ, ವಿಡಿಯೊ ಬರುವ ಕಡೆಯಿಂದಲೇ ಅವೂ ಬರುತ್ತವೆ.

ಒಂದು ತಿಂಗಳಿಗೆ ಒಂದು ಸೇವೆ. ಹಿಂದಿನದು ಅಲುಗದೆ ನಿಂತ ಮೇಲೆಯೇ ಮುಂದಿನದು.

ಕರೆಂಟ್

ನಮ್ಮಲ್ಲಿ ಸರ್ವರಿನ ದೊಡ್ಡ ಶತ್ರು ಇದೇ. ಮನೆಯ ಇನ್ವರ್ಟರ್ ಇದ್ದರೆ ಅದರ ಮೇಲೆ ‘ಯುಪಿಎಸ್’ ಎಂಬ ಗುಂಡಿ ಇದೆಯೇ ನೋಡಿ. ಆ ಸ್ಥಿತಿಯಲ್ಲಿ ಬ್ಯಾಟರಿಗೆ ಬದಲಾಗುವ ಅಂತರ ಕಡಿಮೆ, ಮಿನಿ ಪಿಸಿಯ ಅಡಾಪ್ಟರ್ ಅಷ್ಟನ್ನು ಬಹುತೇಕ ತಡೆದುಕೊಳ್ಳುತ್ತದೆ. ಮೇನ್ ಸ್ವಿಚ್ ಆರಿಸಿ ಪರೀಕ್ಷಿಸಿಬಿಡಿ. ಇನ್ವರ್ಟರ್ ಇಲ್ಲದಿದ್ದರೆ ಯುಎಸ್‌ಬಿ ಕಿಂಡಿ ಇರುವ ಯುಪಿಎಸ್ ಕೊಂಡು ‘ನಟ್’ ಎಂಬ ತಂತ್ರಾಂಶ ಹಾಕಿದರೆ, ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನಾಗಿ ಅಚ್ಚುಕಟ್ಟಾಗಿ ಆರುತ್ತದೆ. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ಚಾಲೂ ಆಗುವ ಆಯ್ಕೆಯನ್ನೂ ಹಾಕಿ. ಇಲ್ಲದಿದ್ದರೆ ನೀವು ಊರಲ್ಲಿಲ್ಲದಾಗ ಅಮ್ಮನಿಗೆ ಫೋನ್ ಮಾಡಿ ಗುಂಡಿ ಒತ್ತಿಸಬೇಕಾಗುತ್ತದೆ. ಮಲೆನಾಡಿನವರು ಮುಂಗಾರಿಗೆ ಮುಂಚಿನ ಸಿಡಿಲಿನ ಕಾಲದಲ್ಲಿ, ಮಾಳಿಗೆಯಿಂದಲೋ ಪಕ್ಕದ ಮನೆಯಿಂದಲೋ ಎಳೆದ ತಾಮ್ರದ ನೆಟ್‌ವರ್ಕ್ ಕೇಬಲನ್ನು ಸರ್ವರಿಗೆ ಸಿಕ್ಕಿಸಿ ಬಿಡಬಾರದು.

ಹೊರಗಿನಿಂದ ತಲುಪುವುದು

ಮನೆಯೊಳಗೆ ಎಲ್ಲವೂ ಚೆನ್ನಾಗಿ ನಡೆಯುತ್ತದೆ, ಹೊರಗೆ ಹೋದೊಡನೆ ಏನೂ ಸಿಗುವುದಿಲ್ಲ. ಹಳೆಯ ಪಾಠಗಳು ಹೊರಗಿನಿಂದ ಬಂದ ಮನವಿಯನ್ನು ಸರ್ವರಿಗೆ ದಾಟಿಸಲು ರೂಟರಿನಲ್ಲಿ ‘ಪೋರ್ಟ್ ಫಾರ್ವರ್ಡ್’ ಮಾಡಿ ಎನ್ನುತ್ತವೆ, ಮಾಡಿದರೂ ತೆರೆಯುವುದಿಲ್ಲ. ಇದರ ಹಿಂದೆ ಒಂದು ಅಭಾವದ ಕತೆಯಿದೆ.

ಇಂಟರ್ನೆಟ್ ವಿಳಾಸಗಳ ಐಪಿವಿ4 ಎಂಬ ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳೇ ಸುಮಾರು 430 ಕೋಟಿ. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲಿ ಹಂಚಿಹೋಯಿತು. ಆಮೇಲೆ ಮೊಬೈಲ್, ಫೈಬರ್ ಸಂಪರ್ಕ ಪಡೆದ ಕೋಟ್ಯಂತರ ಭಾರತೀಯರಿಗೆ ತಲೆಗೊಂದು ವಿಳಾಸ ಎಲ್ಲಿಂದ ಬರಬೇಕು? ಹಾಗಾಗಿ ಸೇವಾ ಕಂಪನಿಗಳು ಒಂದು ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಇದು ಸಿಜಿನ್ಯಾಟ್. ಒಳಗಿನಿಂದ ಹೊರಟ ಮನವಿಗೆ ಉತ್ತರ ಯಾರಿಗೆ ಹೋಗಬೇಕೆಂದು ಕಂಪನಿಯ ಯಂತ್ರಕ್ಕೆ ಗೊತ್ತು. ಹೊರಗಿನಿಂದ ತಾನಾಗಿ ಬಂದ ಮನವಿಯನ್ನು ಯಾವ ಮನೆಗೆ ಕಳಿಸಬೇಕೆಂದು ಗೊತ್ತಿಲ್ಲ, ಬಿಸಾಡುತ್ತದೆ. ನಿಮ್ಮ ರೂಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಇದರೊಳಗಿದ್ದೀರಿ. ಈ ಸಾಲನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು.

ತಿಂಗಳಿಗಿಷ್ಟು ಎಂದು ಹೆಚ್ಚು ಕೊಟ್ಟರೆ ಕೆಲವು ಕಂಪನಿಗಳು ಸ್ಥಿರ ವಿಳಾಸ ಕೊಡುತ್ತವೆ. ಕೊಟ್ಟರೂ ಪೋರ್ಟ್ ತೆರೆದಿಡಬೇಡಿ ಎನ್ನುತ್ತೇನೆ. 2022ರ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ರ್‍ಯಾನ್ಸಮ್‌ವೇರ್ ಇಂಟರ್ನೆಟ್ಟಿಗೆ ತೆರೆದಿಟ್ಟ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಪೆಟ್ಟಿಗೆಗಳನ್ನು ಹುಡುಕಿ ಹುಡುಕಿ ಫೈಲ್‌ಗಳಿಗೆ ಬೀಗ ಹಾಕಿ, ಪ್ರತಿಯೊಬ್ಬರಿಂದ 0.03 ಬಿಟ್‌ಕಾಯಿನ್ ಕೇಳಿತು. ಅವರೆಲ್ಲ ದೊಡ್ಡ ಕಂಪನಿಗಳಲ್ಲ, ನಮ್ಮಂಥ ಮನೆಯವರೇ ಹೆಚ್ಚು. ನಿಮ್ಮನ್ನು ಯಾರು ಗುರಿಯಾಗಿಸುತ್ತಾರೆ ಎಂಬ ಧೈರ್ಯ ಬೇಡ. ಇಡೀ ಇಂಟರ್ನೆಟ್ಟಿನ ವಿಳಾಸಗಳನ್ನು ಒಂದೊಂದಾಗಿ ತಟ್ಟಿ ನೋಡುವುದು ಯಂತ್ರಗಳು.

ಸಿಜಿನ್ಯಾಟ್, ಇಂಥ ದಾಳಿ ಎರಡಕ್ಕೂ ಮದ್ದು, ಸಾಧನಗಳ ನಡುವೆ ಗೂಢಲಿಪಿಯ ಸುರಂಗ ಕಟ್ಟುವ ವೈರ್‌ಗಾರ್ಡ್ ಆಧಾರದ ಖಾಸಗಿ ಜಾಲ. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೇರಿತು. ಅದರ ಮೇಲೆ ಕಟ್ಟಿದ ಟೇಲ್‌ಸ್ಕೇಲ್ ಅನ್ನು ಸರ್ವರಿಗೂ ಫೋನಿಗೂ ಹಾಕಿದರೆ ಎರಡೂ ಒಳಗಿನಿಂದ ಹೊರಕ್ಕೆ ಸಂಪರ್ಕಿಸುತ್ತವೆ, ನಡುವಿನ ಸಂಯೋಜಕ ಇಬ್ಬರಿಗೂ ಪರಸ್ಪರರ ಗುರುತು ಹೇಳುತ್ತದೆ, ಆಮೇಲೆ ಅವು ನೇರವಾಗಿ ಮಾತಾಡಿಕೊಳ್ಳುತ್ತವೆ. ನೇರ ದಾರಿ ಸಿಗದಿದ್ದರೆ ಮಧ್ಯವರ್ತಿ ಯಂತ್ರದ ಮೂಲಕ ಹೋದರೂ ಮಾಹಿತಿಯ ಬೀಗದ ಕೈ ನಿಮ್ಮ ಸಾಧನಗಳಲ್ಲೇ ಇರುತ್ತದೆ. ಹೊರಕ್ಕೆ ಹೊರಡುವುದನ್ನು ಸಿಜಿನ್ಯಾಟ್ ತಡೆಯುವುದಿಲ್ಲ, ಆದ್ದರಿಂದ ಅದರ ಆಟ ಇಲ್ಲಿ ನಡೆಯುವುದಿಲ್ಲ. ಪೋರ್ಟ್ ಯಾವುದೂ ತೆರೆದಿಲ್ಲ, ತಟ್ಟುವವನಿಗೆ ಬಾಗಿಲೇ ಕಾಣುವುದಿಲ್ಲ. ಡಾಲಸ್‌ನಲ್ಲಿರುವ ಮಗಳು ಶಿವಮೊಗ್ಗದ ಮನೆಯ ಸರ್ವರಿನಲ್ಲಿರುವ ಆಲ್ಬಮ್ ನೋಡಲು ಇಷ್ಟು ಸಾಕು. ಗೂಗಲ್ ಬಿಟ್ಟು ಬಂದವರು ಬಹುಪಾಲು ಗೂಗಲ್ ಖಾತೆಯಿಂದಲೇ ಟೇಲ್‌ಸ್ಕೇಲ್‌ಗೆ ಲಾಗಿನ್ ಆಗುತ್ತಾರೆ ಎಂಬ ತಮಾಷೆಯನ್ನು ಸದ್ಯ ನುಂಗಿಕೊಳ್ಳಬೇಕು.

ಬ್ಯಾಕಪ್ ಮತ್ತು ಒಂದು ಹಾಳೆ

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಈ ನಿಯಮ ಹಳೆಯದು, ಇನ್ನೂ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ. ಮೊದಲ ಪ್ರತಿ ಸರ್ವರಿನಲ್ಲಿ. ಎರಡನೆಯದು, ವಾರಕ್ಕೊಮ್ಮೆ ಸಿಕ್ಕಿಸಿ ನಕಲಿಸಿ ಮತ್ತೆ ಬಿಚ್ಚಿ ಬೀರುವಿನಲ್ಲಿಡುವ ಡಿಸ್ಕಿನಲ್ಲಿ. ಬಿಚ್ಚಿಡುವುದನ್ನು ಮರೆಯಬೇಡಿ, ಸಿಕ್ಕಿಸಿಯೇ ಇಟ್ಟದ್ದನ್ನು ಸಿಡಿಲೂ ರ್‍ಯಾನ್ಸಮ್‌ವೇರೂ ತಲುಪುತ್ತವೆ. ಮೂರನೆಯದಕ್ಕೆ ಬಾಡಿಗೆ ಕ್ಲೌಡ್ ಆಗಬಹುದು. ಅಣ್ಣನ ಮನೆಯಲ್ಲೋ ಸ್ನೇಹಿತರ ಮನೆಯಲ್ಲೋ ಇಟ್ಟ ಹಳೆಯ ಲ್ಯಾಪ್‌ಟಾಪ್ ಆದರೂ ಆದೀತು. ರೆಸ್ಟಿಕ್ ಎಂಬ ಸಾಧನ ಎಲ್ಲವನ್ನೂ ಗೂಢಲಿಪಿಗೆ ತಿರುಗಿಸಿಯೇ ಕಳಿಸುವುದರಿಂದ ಅಣ್ಣನಿಗೂ ನಿಮ್ಮ ಬ್ಯಾಂಕ್ ದಾಖಲೆ ಕಾಣುವುದಿಲ್ಲ. ಮೊದಲ ಬ್ಯಾಕಪ್ ಮಾತ್ರ ನಿಮ್ಮ ಮನೆಯಲ್ಲೇ ಮುಗಿಸಿ ಡಿಸ್ಕನ್ನು ಬಸ್ಸಿನಲ್ಲಿ ಒಯ್ಯಿರಿ. 40 ಮೆಗಾಬಿಟ್ ಸಂಪರ್ಕದಲ್ಲಿ 500 ಜಿಬಿ ಏರಿಸಲು ಎಡೆಬಿಡದೆ 28 ಗಂಟೆ ಬೇಕು. ಆಮೇಲೆ ದಿನದಿನದ ಬದಲಾವಣೆ ಅಷ್ಟೇ ಹೋಗುತ್ತದೆ.

ಬ್ಯಾಕಪ್ ಇದೆ ಎನ್ನಬೇಕಾದರೆ ಅದರಿಂದ ಒಂದು ಫೋಲ್ಡರನ್ನಾದರೂ ಬೇರೆ ಕಂಪ್ಯೂಟರಿಗೆ ಮರಳಿ ತೆಗೆದು ತೆರೆದು ನೋಡಿರಬೇಕು.

ಉಳಿದದ್ದು, ಇದನ್ನೆಲ್ಲ ಜೋಡಿಸಿದವರು ಆಸ್ಪತ್ರೆಯಲ್ಲಿದ್ದರೆ, ಅಥವಾ ಇಲ್ಲವೇ ಆದರೆ ಏನು ಎಂಬುದು. ಒಂದು ಹಾಳೆಯಲ್ಲಿ ಕೈಯಿಂದ ಬರೆಯಿರಿ: ಯಾವ ಪೆಟ್ಟಿಗೆ ಯಾವುದು, ಯಾವುದನ್ನು ಆರಿಸಬಾರದು, ರೂಟರಿನ ಪಾಸ್‌ವರ್ಡ್, ಪಾಸ್‌ವರ್ಡ್ ಸಂಗ್ರಹದ ಮುಖ್ಯ ಪಾಸ್‌ವರ್ಡ್, ರೆಸ್ಟಿಕ್‌ನ ಪಾಸ್‌ವರ್ಡ್, ಪೈ-ಹೋಲ್ ಕೆಟ್ಟರೆ ಇಂಟರ್ನೆಟ್ ಮತ್ತೆ ಬರಲು ರೂಟರಿನಲ್ಲಿ ಬದಲಾಯಿಸಬೇಕಾದ ಒಂದು ಸಾಲು, ಕರೆ ಮಾಡಬಹುದಾದ ಒಬ್ಬ ಸ್ನೇಹಿತರ ಹೆಸರು. ರೆಸ್ಟಿಕ್‌ನ ಪಾಸ್‌ವರ್ಡ್ ಕಳೆದರೆ ಬ್ಯಾಕಪ್ ಕಳೆದಂತೆಯೇ, ತೆರೆದುಕೊಡುವ ಕಂಪನಿ ಯಾವುದೂ ಇಲ್ಲ. ಆ ಹಾಳೆ ಆಸ್ತಿಪತ್ರಗಳ ಜೊತೆ ಇರಲಿ.

ಹಾಳೆಯೊಂದೇ ಸಾಲದು, ಯಾಕೆಂದರೆ ಸರ್ವರಿನ ಡಿಸ್ಕ್ ಲಿನಕ್ಸ್‌ನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4 ಅಥವಾ ಜ಼ಡ್‌ಎಫ್‌ಎಸ್‌ನಲ್ಲಿರುತ್ತದೆ. ಮನೆಯವರು ಅದನ್ನು ಬಿಚ್ಚಿ ವಿಂಡೋಸ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ವಿಂಡೋಸ್‌ಗೆ ಅದು ಓದಲು ಬರುವುದಿಲ್ಲ, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುತ್ತದೆ. ಗಾಬರಿಯಲ್ಲಿರುವವರು ಹೂಂ ಎಂದುಬಿಡುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಬೀರುವಿನಲ್ಲಿಡುವ ಡಿಸ್ಕನ್ನು ವಿಂಡೋಸ್, ಲಿನಕ್ಸ್ ಎರಡೂ ಓದುವ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಫೋಟೋಗಳನ್ನು ಗೂಢಲಿಪಿಯಿಲ್ಲದೆ ಹಾಗೇ ನಕಲಿಸಿ. ಇಮ್ಮಿಚ್‌ನಲ್ಲಿ ಸ್ಟೋರೇಜ್ ಟೆಂಪ್ಲೇಟ್ ಮೊದಲೇ ಹಾಕಿ ಎಂದದ್ದು ಇದಕ್ಕೇ: ಇಮ್ಮಿಚ್ ಇಲ್ಲದೆಯೂ ಅಲ್ಲಿ ವರ್ಷದ ಹೆಸರಿನ ಫೋಲ್ಡರ್‌ಗಳು, ಅವುಗಳೊಳಗೆ ತಾರೀಖಿನ ಪ್ರಕಾರ ಫೋಟೋಗಳು ಸಿಗುತ್ತವೆ. ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ, ‘ಫೋಟೋಗಳು, ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ, ಫಾರ್ಮ್ಯಾಟ್ ಮಾಡಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆಯಿರಿ.